ಹೋಟಗಿಯಲ್ಲಿ ಇಳಿಯದ ಕಾಯ್ದೆ

ಮಾಮನದೊಂದು ನಗೆಮಾತು ಇತ್ತು. ಅವ್ವನ ಲಗ್ನದ ಸುದ್ದಿ ಬಂದಾಗಲೆಲ್ಲ ಅದನ್ನು ಹೇಳಿ ತಾನೇ ಮೊದಲು ನಗುತ್ತಿದ್ದ. "ಕಾಯ್ದೆ ಹೋಟಗಿ ಟೇಶನ್ನಿನ್ಯಾಗ ಇಳದ ಬಿಡ್ತು. ನಾವು ಮುಂದ ಹೋಗಿ ಅಕ್ಕಿಕಾಳ ಹಾಕಿ ಬಂದ್ವಿ!"

ಅದರ ಅರ್ಥ ಇಷ್ಟೇ. ನನ್ನ ಅಪ್ಪನ ಊರು ಸೊಲ್ಲಾಪುರದ ಹತ್ತಿರದ ಕಂದಲಗಾಂವ. ಅವನ ಮೊದಲ ಹೆಂಡತಿಗೆ, ನಾನು ದೊಡ್ಡವ್ವ ಎಂದು ಕರೆಯುತ್ತಿದ್ದವಳಿಗೆ, ಬಹಳ ವರ್ಷ ಮಕ್ಕಳಾಗಲಿಲ್ಲ. ಇನ್ನೊಂದು ಲಗ್ನ ಮಾಡೋಣವೆಂದು ಮನೆಯವರು ಹೊರಟರೆ ಮುಂಬಯಿ ಸರಕಾರದ ಹೊಸ ಕಾಯ್ದೆ ಅಡ್ಡ ನಿಂತಿತ್ತು. ಹೆಂಡತಿ ಇದ್ದವನು ಮತ್ತೊಬ್ಬಳ ಕೈಹಿಡಿದರೆ ಜೇಲು. ಆದರೆ ಅಕ್ಕಲಕೋಟ ಆಗಿನ್ನೂ ರಾಜರ ಸಂಸ್ಥಾನ. ಅಲ್ಲಿ ಸರಕಾರದ ಕಾಯ್ದೆ ನಡೆಯುವುದಿಲ್ಲ ಎಂದು ಹಿರಿಯರೆಲ್ಲ ಕೂಡಿ ತೀರ್ಮಾನಿಸಿದರು. ದುಧನಿಯಿಂದ ಅವ್ವನ ಕಡೆಯವರು, ಸೊಲ್ಲಾಪುರದಿಂದ ಅಪ್ಪನ ಕಡೆಯವರು ಸರಕಾರದ ಹದ್ದಿನ ಹೋಟಗಿ ದಾಟಿ ರೈಲಿನಲ್ಲಿ ಬಂದು, ಅಕ್ಕಲಕೋಟದ ಒಂದು ಮಾರುತಿ ಗುಡಿಯ ಮುಂದೆ ಲಗ್ನ ಮಾಡಿ ಮುಗಿಸಿದರು. ಸಂಬಂಧ ಕುದುರಿಸಿದವನು ಅವ್ವನ ಅಣ್ಣ, ಸೊಲ್ಲಾಪುರದ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ ಈ ಮಾಮನೇ. ದೊಡ್ಡ ಶಾಣ್ಯಾತನ ಮಾಡಿದೆನೆಂದು ಅವನಿಗೆ ಹತ್ತು ವರ್ಷ ಹೆಮ್ಮೆ ಇತ್ತು.

ಮರುವರ್ಷ ಸಂಸ್ಥಾನ ಹೋಯಿತು, ನಾನು ಹುಟ್ಟಿದೆ. ನನಗೆ ಐದು ತುಂಬುವ ಹೊತ್ತಿಗೆ, ಯಾರೂ ಎಣಿಸದ ಹಾಗೆ, ದೊಡ್ಡವ್ವನ ಹೊಟ್ಟೆಯಲ್ಲೇ ಗಂಡುಮಗು ಹುಟ್ಟಿತು. ಅವ್ವನನ್ನೂ ನನ್ನನ್ನೂ "ನಾಕ ದಿನ ಇದ್ದು ಬರ್ರಿ" ಎಂದು ಗಿರಣಿಯವರ ಸಾಲುಮನೆಗಳ ಚಾಳಿನಲ್ಲಿದ್ದ ಮಾಮನ ಮನೆಗೆ ಕಳಿಸಿದರು. ಆ ನಾಲ್ಕು ದಿನ ಮುಗಿಯಲೇ ಇಲ್ಲ. ಅವ್ವ ಬೀಡಿ ಕಟ್ಟುವುದನ್ನು ಕಲಿತಳು, ನಾನು ಸಾಲಿಗೆ ಹೋಗತೊಡಗಿದೆ. ಅಪ್ಪ ಬರುತ್ತಾನೆ ಎಂದು ನಾನು ಕಾಯುತ್ತಿದ್ದೆ. ಹೊಲದಲ್ಲಿ ಸೀತನಿ, ಅಂದರೆ ಹಸಿ ಜೋಳದ ತೆನೆ, ಸುಟ್ಟಾಗ ಅವನು ಕಾಳನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬಿಸಿ ಆರಿದೆಯೇ ಎಂದು ತನ್ನ ತುಟಿಗೆ ತಾಗಿಸಿ ನೋಡಿ, ಆಮೇಲೆ ನನ್ನ ಮುಷ್ಟಿಗೆ ಸುರಿಯುತ್ತಿದ್ದ. ನನಗೆ ನೆನಪಿದ್ದ ಅಪ್ಪ ಅಷ್ಟೇ. ಆದರೆ ಅಷ್ಟನ್ನು ಯಾರೂ ಇಲ್ಲವೆನ್ನುವಂತಿರಲಿಲ್ಲ.

ನನಗೆ ಒಂಬತ್ತು ವರ್ಷವಾದಾಗ ಮಾಮ ಒಬ್ಬ ವಕೀಲರನ್ನು ಹಿಡಿದು ಪೋಟಗಿಗೆ, ಅಂದರೆ ಜೀವನಾಂಶಕ್ಕೆ, ಅಪ್ಪನಿಗೆ ನೋಟೀಸು ಕೊಡಿಸಿದ. ಉತ್ತರ ಬಂತು. ಚಾಳಿನ ಬಾಗಿಲಲ್ಲಿ ಕುಳಿತು ಮಾಮ ಅದನ್ನು ಗಟ್ಟಿಯಾಗಿ ಓದಿದ, ಮರಾಠಿಯಲ್ಲಿ. ಈ ಹೆಂಗಸು ನಮ್ಮ ಹೊಲದಲ್ಲಿ ಕೂಲಿಗೆ ಬರುತ್ತಿದ್ದವಳು ಎಂದಿತ್ತು. ಮುಂದಿನ ಸಾಲು, "ಮುಲಗೀ ಕೋಣಾಚೀ ತೇ ಮಲಾ ಠಾಊಕ ನಾಹೀ." ಹುಡುಗಿ ಯಾರ ಮಗಳೋ ನನಗೆ ಗೊತ್ತಿಲ್ಲ.

ನಾನು ಹುಟ್ಟು ಅಂಜುಬುರುಕಿ. ಹಲ್ಲಿಗೆ ಅಂಜುತ್ತಿದ್ದೆ, ಗಿರಣಿಯ ಭೋಂಗಾ ಊದಿದರೆ ಬೆಚ್ಚುತ್ತಿದ್ದೆ. ಆದರೆ ಆ ಸಾಲು ಕೇಳಿದ ಮೇಲೆ ಹುಟ್ಟಿದ ಅಂಜಿಕೆಯೇ ಬೇರೆ. ಸಾಲಿಯ ಹಾಜರಿ ಪಟ್ಟಿಯಲ್ಲಿ ನನ್ನ ಹೆಸರಿನ ಪಕ್ಕ ಅಪ್ಪನ ಹೆಸರಿತ್ತು. ಗುರುಗಳು ಹಾಜರಿ ಕರೆಯುವಾಗ ಇವತ್ತು ಅದನ್ನು ಬಿಟ್ಟು ಓದುತ್ತಾರೇನೋ, ನಾಳೆ ಹೊಡೆದು ಹಾಕುತ್ತಾರೇನೋ ಎಂದು ದಿನವೂ ಕಿವಿಗೊಟ್ಟು ಕೂರುತ್ತಿದ್ದೆ. ನಾನು ಯಾರ ಮಗಳೂ ಅಲ್ಲವೆಂದು ಕೋರ್ಟಿನಲ್ಲಿ ಬರೆದುಬಿಟ್ಟರೆ ಆಮೇಲೆ ಯಾರು ಅಳಿಸಬೇಕು? ಅವ್ವನನ್ನು ಕೇಳಲು ಬಾಯಿ ಬರಲಿಲ್ಲ. ಅವಳೂ ಅದೇ ಸಾಲನ್ನು ನೆನೆಯುತ್ತ ಎಲೆ ಕತ್ತರಿಸುತ್ತಿದ್ದಾಳೆಂದು ನನಗೆ ಗೊತ್ತಿತ್ತು.

ಮೂವರೂ ವಕೀಲರ ಮನೆಗೆ ಹೋದೆವು. ವಕೀಲರು ಕನ್ನಡ ಮಾತಾಡುವವರು, ಸಾವಧಾನದ ಮನುಷ್ಯ. ಮಾಮ ಅಲ್ಲಿಯೂ ತನ್ನ ಹೋಟಗಿಯ ಮಾತು ಹೇಳಿ ನಕ್ಕ. ಅವರು ನಗಲಿಲ್ಲ.

"ಕಾಯ್ದೆ ಹೋಟಗಿಗೆ ಇಳೀಲಿಲ್ಲೋ ತಮ್ಮಾ. ನಿಮ್ಮ ಕೂಡ ಟಿಕೀಟ ತಗೊಂಡು ಅಕ್ಕಲಕೋಟ ತನಕಾ ಬಂದಿತ್ತು" ಎಂದರು. "ಅಕ್ಕಿಕಾಳ ಎಲ್ಲಿ ಬಿದ್ದಾವ ಅಂತ ನೋಡೂದಿಲ್ಲ ಅದು. ವರನ ಮನಿ ಎಲ್ಲೇತಿ ಅಂತ ನೋಡತದ. ಆತ ಕಂದಲಗಾಂವದಾಂವ. ಹಿಂಗಾಗಿ ಆ ಲಗ್ನ ಲಗ್ನನಽ ಅಲ್ಲ."

ಮಾಮನ ಮುಖದ ನಗೆ ಹಾಗೇ ಉಳಿಯಿತು, ತೆಗೆಯುವುದನ್ನು ಮರೆತವನ ಹಾಗೆ. ಅವ್ವ ಕೇಳಿದಳು, "ಹಂಗಾರ ನಾ ಯಾರ್ರಿ?"

ವಕೀಲರು ದಪ್ಪ ಪುಸ್ತಕವೊಂದನ್ನು ತೆರೆದು ಬೆರಳಿಟ್ಟು ತಿಳಿಸಿದರು. ಪೋಟಗಿಯ ಕಲಮಿನಲ್ಲಿ ಹೆಂಡತಿ ಎಂದರೆ ಕಾಯ್ದೆ ಒಪ್ಪಿದ ಹೆಂಡತಿ ಮಾತ್ರ. ಮಗುವಿಗೆ ಆ ಕಟ್ಟು ಇಲ್ಲ. ಔರಸವಿರಲಿ, ಅನೌರಸವಿರಲಿ, ಅಂದರೆ ಲಗ್ನದಲ್ಲಿ ಹುಟ್ಟಿರಲಿ, ಹೊರಗೆ ಹುಟ್ಟಿರಲಿ, ಅಪ್ಪ ಸಾಕಲೇಬೇಕು. ಅನೌರಸ ಎಂಬ ಶಬ್ದ ನಾನು ಕೇಳಿದ್ದು ಅಂದೇ. ಅದು ನನ್ನನ್ನೇ ಹೇಳುತ್ತಿದೆ ಎಂದು ತಿಳಿದಾಗ ಅವ್ವನ ಬೆನ್ನ ಹಿಂದೆ ಸರಿದು ಕುಳಿತೆ. ಕಾಯ್ದೆಗೆ ನನ್ನ ಮೇಲೆ ಕರುಣೆ ಇತ್ತು, ಅವ್ವನ ಮೇಲೆ ಇರಲಿಲ್ಲ. ಈಗಲೂ ನನಗೆ ಅದರ ಮೇಲೆ ಸಿಟ್ಟು.

"ನೋಡ ತಂಗಿ" ಎಂದರು ವಕೀಲರು. "ಲಗ್ನ ಆಗೇದ ಅಂತ ನೀ ಅಂದ್ರ ಆತಗ ಜೇಲಿನ ಅಂಜಿಕಿ. ಲಗ್ನಾನೂ ಇಲ್ಲ, ಕೂಸೂ ನಂದಲ್ಲ ಅಂತಾನ. ಲಗ್ನ ಆಗಿಲ್ಲ ಅಂತ ನೀನಽ ಅಂದ್ರ ಕೂಸ ನಂದು ಅಂತ ಒಪ್ಪಕೋತಾನ. ಆ ಕಡಿ ವಕೀಲರು ಮಾತ ಕೊಟ್ಟಾರ. ಆದ್ರ ಕೋರ್ಟಿನ್ಯಾಗ ಮೊದಲ ಜಬಾನಿ, ಮೊದಲ ಹೇಳಿಕಿ, ನಿಂದು. ಕೊರಳಾಗಿಂದು ತಗದ ಇಟ್ಟು ಬಾ."

"ನಾ ಅಂದ ಮ್ಯಾಲ ಅವರು ಒಪ್ಪಲಿಲ್ಲಂದ್ರ?" ಎಂದಳು ಅವ್ವ.

"ಅದಕ್ಕ ನನ್ನ ಕಡೆ ಜವಾಬಿಲ್ಲ" ಎಂದರು ಅವರು. ಆ ಮನುಷ್ಯ ಸುಳ್ಳು ಧೈರ್ಯ ಹೇಳಲಿಲ್ಲ, ಅದಕ್ಕೆ ಇವತ್ತಿಗೂ ಅವರ ಮೇಲೆ ನನಗೆ ಗೌರವ. ಅವತ್ತು ಮಾತ್ರ ಒಂದು ಸುಳ್ಳು ಹೇಳಬಾರದಿತ್ತೇ ಎನ್ನಿಸಿತ್ತು.

ಅವ್ವ ಆಯಿತೆಂದು ಗೋಣು ಹಾಕಿದಳು. ಹಾಗಾದರೆ ಒಮ್ಮೆ ಹೇಳಿ ನೋಡು ಎಂದು ವಕೀಲರು ಕೋರ್ಟಿನ ದನಿ ತೆಗೆದು ಕೇಳಿದರು, "ಈ ಹುಡುಗಿ ತಂದಿ ಯಾರು?"

"ನಮ್ಮ ಮನಿಯವರು" ಎಂದಳು ಅವ್ವ.

ವಕೀಲರು ಟೇಬಲ್ ಬಡಿದರು. "ಮುಗೀತು! ನಮ್ಮ ಮನಿಯವರು ಅಂದಿ ಅಂದ್ರ ಗಂಡ ಅಂದಂಗ ಆತು. ಹೆಸರ ಹೇಳು. ಕೂಲಿಗೆ ಹೋದಾಕಿ ಮಾಲಕನ ಹೆಸರ ಹೇಳಾಕ ನಾಚತಾಳೇನು?"

ಅವ್ವ ಬಾಯಿ ತೆರೆದಳು. ಹೆಸರು ಬರಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ ಹೆಂಗಸು ಅವಳು. ಅದೇ ಹೆಸರಿನ ಒಬ್ಬ ಹಾಲಿನವನು ಚಾಳಿಗೆ ಬರುತ್ತಿದ್ದ, ಅವನನ್ನೂ ಅವಳು ಹೆಸರಿಟ್ಟು ಕರೆದವಳಲ್ಲ. ವಕೀಲರು ಮೂರು ಸಲ ಕೇಳಿದರು, ಮೂರೂ ಸಲ ಅವಳು ಸೆರಗನ್ನು ಬಾಯಿಗೆ ಹಚ್ಚಿಕೊಂಡಳು. ನಾನು ಹೇಳುತ್ತೇನೆ, ನನಗೆ ಗೊತ್ತಿದೆ ಎಂದು ನಾನು ಎದ್ದು ನಿಂತೆ. "ನಿನ್ನ ಮಾತ ಯಾರೂ ಬರಕೊಳ್ಳೂದಿಲ್ಲವಾ" ಎಂದು ವಕೀಲರು ನನ್ನನ್ನು ಕೂರಿಸಿದರು.

ಕೋರ್ಟಿನ ದಿನ ಬರುವವರೆಗೆ ಮಾಮ ಪ್ರತಿದಿನ ಗಿರಣಿಯಿಂದ ಬಂದವನೇ ಕೇಳುತ್ತಿದ್ದ, "ಹೆಸರ ಹೇಳ ತಂಗಿ." ಅವಳು ಗೋಡೆಯ ಕಡೆ ಮುಖ ತಿರುಗಿಸಿ ಪ್ರಯತ್ನಿಸುವಳು. ತುಟಿ ಅಲುಗುವುದು, ಶಬ್ದವಿಲ್ಲ. "ನಮ್ಮ ಮನಿಯವರು" ಎಂಬುದಷ್ಟೇ ಪ್ರತಿ ಸಲ ತಾನಾಗಿ ಹೊರಗೆ ಜಾರುವುದು. ಮಾಮ ತಲೆಗೆ ಕೈ ಹಚ್ಚಿ ಕೂರುವನು. ಈ ಲಗ್ನಕ್ಕೆ ತಾನೇ ಕಾರಣ ಎಂಬುದು ಅವನ ಮುಖದಲ್ಲಿ ಬರೆದಿತ್ತು. ಹೋಟಗಿಯ ನಗೆಮಾತು ಅವನ ಬಾಯಲ್ಲಿ ಮತ್ತೆ ಬರಲೇ ಇಲ್ಲ. ನಾನು ದೇವರಲ್ಲಿ ಬೇಡಿಕೊಂಡದ್ದು ಒಂದೇ, ಅವ್ವನ ಬಾಯಿಂದ ಆ ಮೂರಕ್ಷರ ಹೊರಡಲಿ.

ಸೊಲ್ಲಾಪುರದ ಕೋರ್ಟಿನ ಪಡಸಾಲೆಯಲ್ಲಿ ಅಪ್ಪನನ್ನು ನಾಲ್ಕು ವರ್ಷದ ಮೇಲೆ ನೋಡಿದೆ. ತಲೆಗೆ ಬಿಳಿ ಪಟಗಾ ಸುತ್ತಿ, ಕಂಬಕ್ಕೆ ಒರಗಿ ನಿಂತಿದ್ದ. ಸೊರಗಿದ್ದ. ನನ್ನನ್ನು ನೋಡಿ ಚಪ್ಪಲಿಯತ್ತ ಕಣ್ಣು ಇಳಿಸಿದ. ಓಡಿ ಹೋಗಬೇಕೆನ್ನಿಸಿತು. ಹೋದರೆ ಏನಾದರೂ ಕೆಟ್ಟೀತೆಂದು ಮಾಮನ ಅಂಗಿಯ ಚುಂಗು ಹಿಡಿದು ನಿಂತೆ.

ನಮ್ಮ ಹೆಸರು ಕೂಗಿದರು. ಅವ್ವ ಕಟಕಟೆ ಹತ್ತಿದಳು. ಖಾಲಿ ಕೊರಳನ್ನು ಸೆರಗಿನಿಂದ ಮುಚ್ಚಿಕೊಂಡಿದ್ದಳು. ಮ್ಯಾಜಿಸ್ಟ್ರೇಟರು ಮರಾಠಿಯಲ್ಲಿ ಕೇಳುವರು, ಕಾರಕೂನ ಅದನ್ನು ಕನ್ನಡದಲ್ಲಿ ಹೇಳುವನು. ದೇವರ ಆಣೆ ಮಾಡಿಸಿದರು.

"ಈ ಮನಶ್ಯಾನ ಕೂಡ ನಿನ್ನ ಲಗ್ನ ಆಗೇದೇನು?"

"ಇಲ್ರಿ."

ಸುಳ್ಳು ಅಷ್ಟು ಸಲೀಸಾಗಿ ಬಂತು. ನನಗೆ ದಿಗಿಲಾಯಿತು, ದೇವರು ಇವಳನ್ನು ಏನು ಮಾಡುತ್ತಾನೋ ಎಂದು.

"ಹುಡುಗಿ ತಂದಿ ಯಾರು?"

ಕಾರಕೂನ ಮತ್ತೆ ಕೇಳಿದ. ಮ್ಯಾಜಿಸ್ಟ್ರೇಟರು ಲೇಖಣಿ ಕೆಳಗಿಟ್ಟು ತಲೆಯೆತ್ತಿದರು. ನಮ್ಮ ವಕೀಲರು ಕೈಯಲ್ಲಿದ್ದ ಕಾಗದವನ್ನು ಸುಮ್ಮನೆ ಸುರುಳಿ ಸುತ್ತುತ್ತಿದ್ದರು. ಅವ್ವನ ತುಟಿ ಅಲುಗಿತು. "ನಮ್ಮ..." ಎಂದಳು.

ಮಾಮ ನನ್ನ ರಟ್ಟೆಯನ್ನು ಎಷ್ಟು ಗಟ್ಟಿ ಹಿಡಿದನೆಂದರೆ ಮೂರು ದಿನ ಗುರುತು ಉಳಿಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಲಂಗ ಒದ್ದೆಯಾಗಿತ್ತು. ಆ ಮಾತು ಪೂರಾ ಆದರೆ ನನಗೆ ಅಪ್ಪ ಇಲ್ಲ.

ಅವ್ವ ನಿಲ್ಲಿಸಿದಳು. ತಿರುಗಿ ನನ್ನತ್ತ ನೋಡಿದಳು. ಆಮೇಲೆ ಅಪ್ಪನ ಹೆಸರು ಹೇಳಿದಳು. ಅವನ ಹೆಸರು, ಅವನ ತಂದೆಯ ಹೆಸರು, ಅಡ್ಡಹೆಸರು, ಊರು, ಒಂದರ ಹಿಂದೊಂದು, ಸಾಲಿಯಲ್ಲಿ ಹಾಜರಿ ಓದಿದ ಹಾಗೆ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವಳು ಹತ್ತು ವರ್ಷ ಕಾಯ್ದುಕೊಂಡದ್ದು ಅದು.

ಅಪ್ಪ ಆಗ ತಲೆಯೆತ್ತಿದ. ಬಾಯಿ ಅರ್ಧ ತೆರೆದಿತ್ತು. ಅವಳ ದನಿಯಲ್ಲಿ ತನ್ನ ಹೆಸರನ್ನು ಅವನೂ ಮೊದಲ ಸಲವೇ ಕೇಳಿದ್ದು.

ಅವನು ಕಟಕಟೆ ಹತ್ತಿದ ಮೇಲೆ ನಾನು ಕಣ್ಣು ಮುಚ್ಚಿಕೊಂಡೆ. ಅವ್ವ ತನ್ನ ಪಾಲಿನ ಸುಳ್ಳು ಹೇಳಿಯಾಗಿತ್ತು, ಕೈಯಲ್ಲಿ ಏನೂ ಉಳಿದಿರಲಿಲ್ಲ. ಈಗ ಅವನು ಇಲ್ಲ ಎಂದುಬಿಟ್ಟರೆ ಕೇಳುವವರಿಲ್ಲ. ಲಗ್ನ ಆಗಿದೆಯೇ ಎಂದರು. ಇಲ್ಲ ಎಂದ. ಹುಡುಗಿ ಯಾರ ಮಗಳು ಎಂದರು. ಯಾರೋ ಕೆಮ್ಮಿದರು. ಹೊರಗೆ ಟಾಂಗಾ ಹೋದ ಸದ್ದು ಕೇಳಿತು. ನಾನು ಉಸಿರು ಬಿಗಿಹಿಡಿದು ಎಣಿಸತೊಡಗಿದೆ, ಹದಿನಾರಕ್ಕೆ ಎಣಿಕೆ ತಪ್ಪಿತು.

"ಮಾಝೀಚ ಆಹೇ ಸಾಹೇಬ" ಎಂದ ಅಪ್ಪ. ಆಮೇಲೆ, ಯಾರೂ ಕೇಳದಿದ್ದರೂ, ಕನ್ನಡದಲ್ಲಿ ಹೇಳಿದ. "ನಂದಽ ಐತ್ರಿ ಕೂಸು."

ಹುಕುಮಿನಲ್ಲಿ ಅವ್ವನ ಅರ್ಜಿ ತೆಗೆದುಹಾಕಿ ನನ್ನದನ್ನು ಒಪ್ಪಿದ್ದರು. ಅವ್ವನಿಗೆ ಏನೂ ಇಲ್ಲ, ನನಗೆ ಪೋಟಗಿ ಮತ್ತು ಅಪ್ಪ. ಚಾಳಿಗೆ ಮರಳುವಾಗ ಮಾಮ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡ, ಒಂಬತ್ತು ವರ್ಷದ ಹುಡುಗಿಯನ್ನು. ಅವ್ವ ನಮ್ಮ ಹಿಂದೆ ಬರುತ್ತಿದ್ದಳು. ಮನೆ ಮುಟ್ಟಿದವಳೇ ಬೀಡಿಯ ಮೊರ ಮುಂದೆಳೆದುಕೊಂಡು ಕುಳಿತಳು. ನನಗೆ ಖುಷಿಯಾಗಬೇಕಿತ್ತು. ಅವಳ ಮುಖ ನೋಡಿ ಆಗಲಿಲ್ಲ.

ಎರಡು ವರ್ಷದ ಮೇಲೆ ಒಂದು ಮುಂಜಾನೆ ಕಂದಲಗಾಂವದಿಂದ ಸೈಕಲ್ ಮೇಲೆ ಒಬ್ಬ ಬಂದ. ಅಪ್ಪ ಹಿಂದಿನ ದಿನ ಹೊಲದಲ್ಲಿ ಎದೆ ಹಿಡಿದುಕೊಂಡು ಬಿದ್ದವನು ಏಳಲಿಲ್ಲವಂತೆ. ಸುದ್ದಿ ಹರಡಿ ಚಾಳಿನ ಹೆಂಗಸರು ಬಾಗಿಲಿಗೆ ನೆರೆದರು. ಹಿರಿಯಳೊಬ್ಬಳು ಕಣ್ಣೊರೆಸಿಕೊಳ್ಳುತ್ತ ಅವ್ವನ ಕೈ ಹಿಡಿದಳು, ಬಳೆ ಒಡೆಯಲು.

ಅವ್ವ ಕೈ ಬಿಡಿಸಿಕೊಂಡಳು. "ಯಾಕ? ನನಗ ಲಗ್ನ ಆಗಿಲ್ಲ. ಕೋರ್ಟಿನಾಗ ಬರದಾರ." ದನಿ ಏರಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಿಂದೆ ಸರಿದರು.

ಅವಳು ನನ್ನ ತಲೆಯ ಮೇಲೆ ನೀರು ಹಾಕಿ, ಹಳೆಯ ಲಂಗ ತೊಡಿಸಿ, ಮಾಮನ ಮುಂದೆ ತಂದು ನಿಲ್ಲಿಸಿದಳು. "ಸೂತಕ ಈಕಿಗೆ ಐತಿ ಅಣ್ಣಾ, ನನಗಿಲ್ಲ. ಈಕಿನ್ನ ಕರಕೊಂಡ ಹೋಗು, ಅಪ್ಪನ ಮಾರಿ ನೋಡಲಿ."

ಸತ್ತವರನ್ನು ನಾನು ನೋಡಿರಲಿಲ್ಲ. ದೊಡ್ಡವ್ವನನ್ನು, ಆ ಮನೆಯ ಮಂದಿಯನ್ನು ನೆನೆದು ಹಿಂದೆ ಸರಿದೆ. "ನನಗ ಅಂಜಿಕಿ ಬರತದ. ನೀನೂ ಬಾ ಅವ್ವಾ" ಎಂದು ಅವಳ ಸೀರೆ ಹಿಡಿದೆ.

"ನಾ ಯಾರಂತ ಬರಲೇ ಮಗಳ?" ಎಂದಳು.

ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಾಮನ ಕೈಗೆ ಕೊಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಾಳಿನ ಕೊನೆಯವರೆಗೂ ಅವಳು ಅಳುವುದು ಕೇಳುತ್ತಿತ್ತು. ಅವಳೊಬ್ಬಳನ್ನೇ ಬಿಟ್ಟು ನಾನು ನನ್ನ ಅಪ್ಪನ ಮಣ್ಣಿಗೆ ಹೋದೆ.