ಮುಚ್ಚಬೇಕಾದ ತಾಣಗಳ ಪಟ್ಟಿ

ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಡೆಯುತ್ತಿದ್ದ ಆ ಇಂಟರ್ನೆಟ್ ಕಂಪನಿಯಲ್ಲಿ ಅವಳು ಎಲ್ಲರಿಗೂ ಅಕ್ಕ. ಹದಿನಾರು ವರ್ಷಗಳಿಂದ ಅರ್ಧ ಊರಿನ ಸಂಪರ್ಕ ನೋಡಿಕೊಳ್ಳುತ್ತಿದ್ದವಳು ಅವಳೇ. ಮಾಲೀಕನಿಗೆ ಯಂತ್ರಗಳ ಬಗ್ಗೆ ತಿಳಿದಿದ್ದು ಒಂದೇ: ಹಸಿರು ದೀಪ ಉರಿಯುತ್ತಿದ್ದರೆ ಎಲ್ಲ ಸರಿ.

ಒಂದು ಸೋಮವಾರ ಚಿತ್ರ ನಿರ್ಮಾಪಕರ ಸಂಘದ ವಕೀಲ ಮೂರು ಪುಟದ ಪತ್ರ ಹಿಡಿದು ಬಂದ. ಕದ್ದ ಸಿನಿಮಾ ಹಂಚುವ ಮುನ್ನೂರ ಹನ್ನೆರಡು ಜಾಲತಾಣಗಳನ್ನು ಗ್ರಾಹಕರಿಗೆ ಸಿಗದಂತೆ ಮುಚ್ಚಬೇಕು, ಇಲ್ಲದಿದ್ದರೆ ಕಂಪನಿಯೂ ಕಳ್ಳತನದಲ್ಲಿ ಪಾಲುದಾರ ಎಂದು ಅದರ ಒಕ್ಕಣೆ.

"ಕೋರ್ಟ್ ಆದೇಶ ಎಲ್ಲಿ ಸಾರ್?" ಅಕ್ಕ ಕೇಳಿದಳು.

"ಅಲ್ಲಿವರೆಗೂ ಯಾಕಮ್ಮ ಎಳೀತೀರಾ?" ಎಂದ ವಕೀಲ. ಮಾಲೀಕನಿಗೆ ಆಗಲೇ ಬೆವರು ಕಿತ್ತುಬಂದಿತ್ತು.

ಪಟ್ಟಿ ಓದುತ್ತಿದ್ದ ಅಕ್ಕ ನೂರ ನಾಲ್ಕನೆಯ ಸಾಲಿಗೆ ಬಂದು ನಿಂತಳು. ಅದು ಯಾರು ಬೇಕಾದರೂ ದೊಡ್ಡ ಕಡತ ಕಳಿಸುವ ತಾಣ. ಕಿವುಡ ಮಕ್ಕಳ ಶಾಲೆಯಲ್ಲಿ ಟೀಚರ್ ಆಗಿದ್ದ ಅವಳ ತಂಗಿ ಸನ್ನೆ ಭಾಷೆಯ ಪಾಠದ ವಿಡಿಯೋಗಳನ್ನು ಮಕ್ಕಳಿಗೆ ಕಳಿಸುತ್ತಿದ್ದುದು ಅದರಿಂದಲೇ.

"ಇದರಲ್ಲಿ ಮಕ್ಕಳ ಪಾಠ ಇದೆ ಸಾರ್. ಮುಂದಿನ ವಾರ ಅವರಿಗೆ ಪರೀಕ್ಷೆ."

"ಊರ ಉಸಾಬರಿ ನಮಗ್ಯಾಕೆ? ಮುಚ್ಚಿ ಬಿಸಾಕಮ್ಮ!" ಎಂದ ಮಾಲೀಕ.

ಅಕ್ಕ ಮುಚ್ಚಿದಳು. ಸಂಜೆ ಮನೆಗೆ ಹೊರಟಾಗ ಕೆಳಗಿನ ಕ್ಷೌರದಂಗಡಿಯಲ್ಲಿ ಮೂವರು ಹೊಸ ಸಿನಿಮಾದ ಕದ್ದ ಪ್ರತಿಯನ್ನು ಆರಾಮವಾಗಿ ನೋಡುತ್ತಿದ್ದರು. ಅವರಿಗೆ ಬೇರೆ ದಾರಿ ಹುಡುಕಲು ಐದು ನಿಮಿಷ ಸಾಕಾಗಿತ್ತು. ದಾರಿ ಸಿಗದೆ ಹೋದದ್ದು ಮಕ್ಕಳಿಗೆ.

ಒಂಬತ್ತನೇ ದಿನ ವಕೀಲನೇ ಫೋನ್ ಮಾಡಿದ. ಧ್ವನಿ ಬೆಣ್ಣೆಯಾಗಿತ್ತು. ಸಂಘದ ಆಫೀಸಿಗೂ ಇಂಟರ್ನೆಟ್ ಹೋಗುತ್ತಿದ್ದುದು ಇದೇ ಕಂಪನಿಯಿಂದ. ಸಂಘದ ದೊಡ್ಡ ನಿರ್ಮಾಪಕರೊಬ್ಬರ ಹೊಸ ಚಿತ್ರದ ಹಾಡುಗಳು ಸ್ಟುಡಿಯೋದಿಂದ ಬರುತ್ತಿದ್ದುದೂ ಆ ನೂರ ನಾಲ್ಕನೆಯ ತಾಣದಿಂದಲೇ!

"ನಮ್ಮ ಆಫೀಸಿಗೆ ಮಾತ್ರ ಗುಟ್ಟಾಗಿ ತೆರೆದುಕೊಡಿ ಅಮ್ಮ."

"ಮುಚ್ಚೋಕೆ ಮೂರು ಪುಟ ಬರೆದ್ರಲ್ಲ, ತೆರೆಯೋಕೆ ಒಂದು ಸಾಲು ಬರೀರಿ. ತೆರೆದ್ರೆ ಎಲ್ಲರಿಗೂ ತೆರೀತೀನಿ."

"ಇಷ್ಟು ಸಣ್ಣ ವಿಷಯಕ್ಕೆ ಪತ್ರಾನಾ?"

"ಸಣ್ಣದಾದ್ರೆ ಬೇಗ ಬರೀಬಹುದಲ್ಲ ಸಾರ್."

ಮಾಲೀಕ ಕೂಗಾಡಿದ, ಕೆಲಸದಿಂದ ತೆಗೆಯುತ್ತೇನೆಂದ. ಅಕ್ಕ ಯಂತ್ರಗಳ ಪಾಸ್‌ವರ್ಡ್ ಬರೆದ ಪುಸ್ತಕವನ್ನು ಅವನ ಮುಂದಿಟ್ಟು, "ನೀವೇ ತೆರೀರಿ" ಎಂದಳು. ಅವನು ಪುಟ ತಿರುಗಿಸಿದ, ಹಸಿರು ದೀಪಗಳನ್ನು ನೋಡಿದ, ಪುಸ್ತಕವನ್ನು ಅವಳತ್ತಲೇ ತಳ್ಳಿದ.

ಮರುದಿನ ಪತ್ರ ಬಂತು. ಸದರಿ ತಾಣ 'ಬೆರಳಚ್ಚಿನ ದೋಷದಿಂದ' ಪಟ್ಟಿಗೆ ಸೇರಿತ್ತಂತೆ. ಅಕ್ಕ ತಕ್ಷಣ ತೆರೆದು ತಂಗಿಗೆ ಫೋನ್ ಮಾಡಿದಳು.

"ಪರೀಕ್ಷೆ ನಿನ್ನೆನೇ ಮುಗೀತು ಅಕ್ಕಾ," ಎಂದಳು ತಂಗಿ.

ಅಕ್ಕನಿಗೆ ಮೊದಲ ದಿನವೇ ಯಾಕೆ ಹಟ ಹಿಡಿಯಲಿಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

ಮುಂದಿನ ತಿಂಗಳು ಎರಡನೇ ಪಟ್ಟಿ ಬಂದಾಗ ಅವಳು ಒಂದೊಂದು ತಾಣವನ್ನೂ ತೆರೆದು ನೋಡಿ, ಕಳ್ಳತನಕ್ಕೆ ಸಂಬಂಧವಿಲ್ಲದ ತಾಣಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ವಾಪಸು ಕಳಿಸಿದಳು. ವಕೀಲನಿಂದ ಉತ್ತರವಿಲ್ಲ. ಯಾಕೆಂದು ಮಾಲೀಕನೂ ಕೇಳಲಿಲ್ಲ.