ಹನ್ನೆರಡನೆಯ ಎಲೆ

ಗಾರೆ ಕೆಲಸದ ದೂಮಪ್ಪನಿಗೆ ಒಂದು ಕೆಟ್ಟ ಚಾಳಿ ಇತ್ತು. ಸರಿಯಲ್ಲದ್ದನ್ನು ಸರಿ ಎನ್ನಲು ಅವನ ನಾಲಗೆ ಹೊರಳುತ್ತಿರಲಿಲ್ಲ. ಇಂಥವನು ಗಲ್ಫಿನಲ್ಲಿ ಹತ್ತು ವರ್ಷ ಉಳಿದದ್ದೇ ಪವಾಡ. ಕರಾವಳಿಯ ಬೆಳ್ಮಣ್ಣಿನವನು. ಎಳವೆಯಲ್ಲಿ ಕ್ರೈಸ್ತ ಮೇಸ್ತ್ರಿ ಕ್ಯಾಸ್ಮಿರ್ ಪೊರ್ಬುಗಳ ಕೈಕೆಳಗೆ, ಇಗರ್ಜಿಗಳ ಬಲಿಪೀಠಕ್ಕೆ ಸುಣ್ಣದ ಗಾರೆಯಲ್ಲಿ ಹೂಬಳ್ಳಿ ಎತ್ತಲು ಕಲಿತಿದ್ದ. ಮಸ್ಕತ್ತಿನಲ್ಲಿ ಮಾತ್ರ ಸಿಮೆಂಟು ಬಳಿದೇ ಬೆನ್ನು ಬಾಗಿತ್ತು.

೧೯೮೮ರಲ್ಲಿ ಹಳೇ ಮಸ್ಕತ್ತಿನ ದೊಡ್ಡ ಮನೆತನವೊಂದರ ಅರಮನೆ ದುರಸ್ತಿಗೆ ಅವನನ್ನು ಕಳಿಸಿದರು. ಹೊರಗೆ ಬೋಳು ಗೋಡೆ. ಒಳಗೆ ದರ್ಬಾರು ಕೋಣೆಗೆ ಕಾಲಿಟ್ಟವನು ಹಾಗೇ ನಿಂತುಬಿಟ್ಟ. ತಿರುಚಿದ ಕಂಬ, ಸುರುಳಿ ಸುತ್ತಿದ ಕಮಾನು, ಮೈತುಂಬ ಉಬ್ಬಿದ ಬಳ್ಳಿ. ನಕ್ಷೆಯಲ್ಲಿ ಅದಕ್ಕೆ 'ಬರೋಕ್' ಎಂದು ಯಾವುದೋ ಯುರೋಪಿನ ಶೈಲಿಯ ಹೆಸರು ಬರೆದಿತ್ತು. ದೂಮಪ್ಪನ ಕಣ್ಣಿಗೆ ಅದು ಊರಿನ ಇಗರ್ಜಿಯೇ. ನೂರೈವತ್ತು ವರ್ಷದ ಹಿಂದೆ ಆ ಮನೆಯ ಹಿರಿಯರು ತಮ್ಮದೇ ಹಡಗಿನಲ್ಲಿ ಹಿಂದೂಸ್ತಾನದಿಂದ ಗಾರೆಯವನನ್ನು ಕರೆತಂದಿದ್ದರಂತೆ.

ಕಮಾನಿನ ನೆತ್ತಿಯಲ್ಲಿ ಹನ್ನೊಂದು ಎಲೆಗಳ ಗೊಂಚಲು. ಹನ್ನೆರಡನೆಯದರ ಜಾಗ ಖಾಲಿ. ದೂಮಪ್ಪ ಬೆರಳಾಡಿಸಿ ನೋಡಿದ. ಎಲೆ ಬಿದ್ದುಹೋದದ್ದಲ್ಲ, ಅಲ್ಲಿ ಕರಣೆ ನುಣುಪಾಗಿ ಎಳೆದಿತ್ತು. ಪೊರ್ಬುಗಳೂ ಬೇಕೆಂದೇ ಒಂದೆಲೆ ಬಿಡುತ್ತಿದ್ದರು. ಪೂರ್ತಿಯಾದ ಕೆಲಸಕ್ಕೆ ದೃಷ್ಟಿ ತಾಗುತ್ತದೆ ಎನ್ನುತ್ತಿದ್ದರು.

ಎಂಜಿನಿಯರ್ ರಾಜಗೋಪಾಲ ಮೈಸೂರಿನವನು. ನಕ್ಷೆ ಬಿಚ್ಚಿ ತೋರಿಸಿದ. "ಇಲ್ನೋಡು, ಹನ್ನೆರಡಿದೆ. ನಾಳಿದ್ದು ಯಜಮಾನ್ರು ನೋಡೋಕೆ ಬರ್ತಾರೆ. ತುಂಬಿಸಿಬಿಡು."

"ಆಗುದಿಲ್ಲ ಸಾರ್. ಅದು ಖಾಲಿ ಇರ್ಲಿಕ್ಕೇ ಬಿಟ್ಟದ್ದು."

"ವೀಸಾ ಕೊಟ್ಟ ಕಫೀಲ್ ನಿನ್ನನ್ನ ವಾಪಸ್ ವಿಮಾನ ಹತ್ತಿಸ್ತಾನೆ ಅಷ್ಟೆ."

"ಹತ್ತಿಸ್ಲಿ. ನಾನೇನು ಈಜಿಕೊಂಡು ಬಂದದ್ದಾ?"

ಜಂಬವೆಲ್ಲ ಬಾಯಲ್ಲಿ ಮಾತ್ರ. ಊರವರ ಗೋಡೆಗೆಲ್ಲ ಗಾರೆ ಹಚ್ಚಿದವನ ಸ್ವಂತ ಮನೆಗೆ ಇನ್ನೂ ಬರೀ ಕೆಂಪುಕಲ್ಲು. ಈ ಕೆಲಸ ಹೋದರೆ ಅದು ಹಾಗೇ ಉಳಿಯುತ್ತಿತ್ತು. ರಾತ್ರಿ ವಾದಿ ಅದಾಯ್ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಜೊತೆಗಾರ ಉಸ್ಮಾನ್ ಬೈದ. "ಒಂದು ಎಲೆಗೋಸ್ಕರ ಅನ್ನ ಕಳ್ಕೊಳ್ತೀಯಲ್ಲ ಮಾರಾಯ!" ದೂಮಪ್ಪ ಪೆಟ್ಟಿಗೆಗೆ ಬಟ್ಟೆ ತುಂಬಿ ಹಗ್ಗ ಬಿಗಿದ.

ಎರಡು ದಿನ ಹನ್ನೊಂದು ಎಲೆಗಳ ಬಿರುಕು ಮುಚ್ಚಿ ಹೊಳಪು ತಂದ. ಖಾಲಿ ಜಾಗ ಮುಟ್ಟಲಿಲ್ಲ. ಊರುಗೋಲು ಹಿಡಿದ ಮುದುಕ ಯಜಮಾನರು ಬಂದರು, ಕತ್ತೆತ್ತಿ ನೋಡಿದರು, ಬೊಂಬಾಯಿ ಹಿಂದಿಯಲ್ಲಿ ಕೇಳಿದರು: "ಇದನ್ನು ಬಿಟ್ಟವರು ಯಾರು?"

ರಾಜಗೋಪಾಲ ಬೆವರೊರೆಸುತ್ತ, "ಇವತ್ತೇ ತುಂಬಿಸ್ತೀವಿ" ಎಂದ.

ದೂಮಪ್ಪ ಏಣಿಯಿಂದಿಳಿದು ಎದುರು ನಿಂತ. ತನಗೆ ಬಂದಷ್ಟು ಹಿಂದಿಯಲ್ಲಿ ಹೇಳಿದ: "ಬಿಟ್ಟವನು ಹಳಬ. ತುಂಬಿಸದವನು ನಾನು. ತುಂಬಿಸುವುದೂ ಇಲ್ಲ."

ಮುದುಕರು ಅವನನ್ನೇ ದಿಟ್ಟಿಸಿದರು. "ಅವನೂ ಹೀಗೇ ಎದುರು ನಿಂತಿದ್ದನಂತೆ. ನನ್ನ ಮುತ್ತಜ್ಜ ಸಿಟ್ಟಿನಲ್ಲಿ ಹಡಗು ಹತ್ತಿಸಿ ಅಟ್ಟಿಬಿಟ್ಟರು. ಆಮೇಲೆ ಅಂಥ ಕೈ ಸಿಗಲಿಲ್ಲವೆಂದು ಸಾಯುವ ತನಕ ಕೊರಗಿದರು." ಕೋಲನ್ನು ನೆಲಕ್ಕೆ ಕುಟ್ಟಿದರು. "ಒಂದೇ ಮನೆಯಲ್ಲಿ ಅದೇ ತಪ್ಪು ಎರಡು ಸಲ ಬೇಡ. ಮಾತು ಮುಗಿಯಿತು, ಖಲಾಸ್."

ಬೇರೆ ಯಾರಾದರೂ ಆಗಿದ್ದರೆ ಕೈಮುಗಿಯುತ್ತಿದ್ದರು. ದೂಮಪ್ಪ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲನ್ನು ತೆಗೆದು ರಾಜಗೋಪಾಲನ ಮುಂದೆ ಹಿಡಿದ.

"ನಕ್ಷೆ ತಿದ್ದಿ ಸಾರ್."