ಎಮ್ಮಿ ಈಯೂ ತಾರೀಖು

ಆಗ ನನಗ ಅರವತ್ತೊಂಬತ್ತು, ಎರಡು ವರ್ಷದ ಹಿಂದಿನ ಮಾತು. ನಾನು ಎರಡನೇತ್ತೆಗೇ ಸಾಲಿ ಬಿಟ್ಟಾಕಿ. ಸೊಸಿ ಸವಿತಾ ಬಿ.ಎ. ಆದಾಕಿ, ಲ್ಯಾಪ್‌ಟಾಪ್ ಮುಂದ ಕುಂತು ಜಾವಾಸ್ಕ್ರಿಪ್ಟ್ ಕಲಿಯಾಕ ಹತ್ತಿದ್ದಳು. ಕಂಪ್ಯೂಟರಿಗೆ ಕೆಲಸಾ ಹೇಳೂ ಭಾಷಾ ಅಂತ ಅದು.

ಹಿಂದಿನ ಸಲ ನಮ್ಮ ಎಮ್ಮಿ ಈಯುವಾಗ ಮನಿಯಾಗ ಯಾರೂ ಇರಲಿಲ್ಲ. ಕರಾ ಉಸಿರು ಕಟ್ಟಿ ಸತ್ತಿತ್ತು. ಮತ್ತ ಹಂಗ ಆಗಬಾರದಂತ ಸವಿತಾ ಒಂದು ಸಣ್ಣ ವೆಬ್ ಆ್ಯಪ್ ಮಾಡಿದಳು. ಗಬ್ಬದ ಸೂಜಿ ಹಾಕಿಸಿದ ತಾರೀಖು ಒತ್ತಿದರ, ಮುನ್ನೂರ ಹತ್ತು ದಿನಾ ಕೂಡಿಸಿ ಈಯೂ ತಾರೀಖು ತೋರಸ್ತಿತ್ತು.

ಮರುದಿನ ಮುರಗೋಡದಾಗ ನನ್ನ ತಂಗಿ ಮೊಮ್ಮಗಳ ಮದುವಿ. ಎಮ್ಮಿಗೆ ಮೇವು ನೀರು ಹಾಕಾಕ ಬಾಜೂ ಮನ್ಯಾಕಿಗೆ ಹೇಳಿ, ಮನಿ ಕೀಲಿ ಹಾಕಿ ನಾಕು ದಿನಾ ಹೊಂಟಿದ್ದೆವು. ಆ್ಯಪ್ ನೋಡಿದರ, ಎಮ್ಮಿ ಈಯಾಕ ಇನ್ನೂ ತಿಂಗಳ ಮ್ಯಾಲ ಐತಿ ಅಂತು. ಕೆಚ್ಚಲಾ ನೋಡಿ ಹೇಳೂಣಂದರ ಅದಿನ್ನೂ ಸರಿಯಾಗಿ ಇಳದಿರಲಿಲ್ಲ. ನಾನು ಸೂಜಿ ಹಾಕಿಸಿದಾಗಿಂದ ಅಮಾಸಿ ಎಣಿಸಿದೆ. ನನಗ ನಾಕೈದೇ ದಿನಾ ಬಂತು.

"ಅತ್ತಿ, ನೀವು ಒಂದ ಅಮಾಸಿ ಜಾಸ್ತಿ ಎಣಸೀರಿ" ಅಂದಳು.

ನನಗ ಸಿಟ್ಟು ಬಂತು. ಮೂವತ್ತು ವರ್ಷ ಯರಗಟ್ಟಿ ಸಂತ್ಯಾಗ ಬೆಣ್ಣಿ ತೂಗಿ ಮಾರಿದಾಕಿ ನಾನು. ತೂಕದ ಮ್ಯಾಲ ಸಂಶೇ ಬಂದರ ಮೊದಲ ಖಾಲಿ ತಕ್ಕಡಿ ಎತ್ತಿ ನೋಡತಿದ್ದೆ.

"ಇದನ್ನೂ ಖಾಲಿ ಎತ್ತು. ಇವತ್ತಿನ ತಾರೀಖು ಹಾಕು, ಮುನ್ನೂರ ಹತ್ತರ ಜಾಗಾದಾಗ ಸೊನ್ನಿ ಹಾಕು" ಅಂದೆ.

ಹಾಕಿದಳು. ಇವತ್ತು ತೋರಸೂ ಬದಲಿ ಅದು ಮುಂದಿನ ತಿಂಗಳ ಇದೇ ತಾರೀಖು ತೋರಿಸ್ತು. ಸವಿತಾ ಹಣಿ ಬಡಕೊಂಡು ಹುಡುಕಾಕ ಹತ್ತಿದಳು. ಆ ಭಾಷಾದಾಗ ಜನವರಿ ಅಂದರ ಸೊನ್ನಿಯಂತ, ಫೆಬ್ರವರಿ ಅಂದರ ಒಂದಂತ. ಈಕಿ ನಮ್ಮ ಲೆಕ್ಕದಾಗ ತಿಂಗಳ ಕೊಟ್ಟಿದ್ದಕ್ಕ ಒಂದು ತಿಂಗಳ ಮುಂದ ಹೋಗಿತ್ತು. ಇದನ್ನ ಮಾಡಿದವರಿಗೆ ಎಣಸಾಕ ಬರಂಗಿಲ್ಲೇನಂತ ಕೇಳಿದೆ. ನಕ್ಕಳು.

"ತಿಂಗಳದಾಗ ಒಂದು ಕಳೀಬೇಕ್ರಿ ಅತ್ತಿ. ತಪ್ಪು ಹಿಡದಾಕಿ ನೀವು, ನೀವೇ ಒತ್ತರಿ."

ಎರಡು ಸಲ ತಪ್ಪು ಒತ್ತಿದೆ. ಮೂರನೇದಕ್ಕ ಸರಿ ಬಿತ್ತು. ಸೊನ್ನಿ ತಗದು ಮತ್ತ ಮುನ್ನೂರ ಹತ್ತು ಹಾಕಿ, ಸೂಜಿ ಹಾಕಿಸಿದ ತಾರೀಖು ಒತ್ತಿದರ, ನಾಕೇ ದಿನಾ! ನಾನು ಒದರಿದ್ದಕ್ಕ ಬಾಜೂ ಮನ್ಯಾಕಿ ಏನಾತಂತ ಓಡಿ ಬಂದಳು.

ನಾವಿಬ್ಬರೂ ಮದುವಿಗೆ ಹೋಗಲಿಲ್ಲ. ತಂಗಿ ಫೋನಿನಾಗ ಬೈದಳು, ಬೈಸಿಕೊಂಡೆ. ಮೂರನೇ ದಿನಾ ಮಧ್ಯಾಹ್ನ ಎಮ್ಮಿ ಈತು. ಕರದ ಮೂಗಿನ ಮ್ಯಾಲ ಪೊರಿ ಹಂಗೇ ಇತ್ತು. ಕೈಲೆ ಹರದು ತಗದೆ. ಸೀನಿತು. ಹೆಣ್ಣುಗರ.

ಮರುದಿನ ಮುಂಜಾನೆ ಸಗಣಿ ಬಳಿಯೂ ಕೆಲಸಾ ಸೊಸಿಗೆ ಹಚ್ಚಿ, ನಾನು ಲ್ಯಾಪ್‌ಟಾಪ್ ಮುಂದ ಕುಂತೆ. ಬಾಜೂ ಮನಿ ಆಡು ಗಬ್ಬ ಇತ್ತು. ಮುನ್ನೂರ ಹತ್ತು ಅಳಿಸಿ, ಒಂದ ಬೆರಳಿಲೆ ನೂರಾ ಐವತ್ತು ಒತ್ತಿದೆ.